ಗಾಳಿ ಇಲ್ಲದ ಟೈರ್: ನೂರು ಗ್ರಾಂ ಗಾಳಿಗೆ ಬದಲಿ ಹುಡುಕುವ ಕಷ್ಟ

ಒಂದು ಸಣ್ಣ ಕಾರಿನ ಟೈರಿನೊಳಗಿರುವ ಗಾಳಿಯನ್ನಷ್ಟೇ ತೂಕ ಮಾಡಿದರೆ ಎಷ್ಟಾಗಬಹುದು? ನಾನು ಲೆಕ್ಕ ಹಾಕಿ ನೋಡಿದೆ. ಟೈರಿನ ಒಳಗಿನ ಜಾಗ ಸುಮಾರು 28 ಲೀಟರ್. ಅದಕ್ಕೆ 32 ಪಿಎಸ್‌ಐ ಗಾಳಿ ಹೊಡೆಸಿದರೆ ಒಳಗೆ ಸೇರುವ ಗಾಳಿ ನೂರು ಗ್ರಾಂ ಆಸುಪಾಸು. ಒಂದು ಸೋಪಿನ ತೂಕ, ಅಷ್ಟೇ. ಜನ ಕೂತ ಮೇಲೆ ಕಾರಿನ ತೂಕ 1200 ಕೆಜಿ ಆಯ್ತು ಅಂದುಕೊಳ್ಳಿ. ಒಂದೊಂದು ಟೈರಿನ ಪಾಲಿಗೆ 300 ಕೆಜಿ ಬರುತ್ತದೆ. ಸೋಪಿನಷ್ಟು ತೂಕದ ಗಾಳಿ ಮೂರು ಕ್ವಿಂಟಾಲ್ ಹೊರುತ್ತದೆ. ಬರೀ ಹೊರುವುದಲ್ಲ. ಹಂಪ್ ಹತ್ತಿಸಿ ಇಳಿಸುತ್ತದೆ, ಗುಂಡಿಯ ಏಟು ತಿನ್ನುತ್ತದೆ, ತಿರುವಿನಲ್ಲಿ ಕಾರನ್ನು ಹಿಡಿದಿಡುತ್ತದೆ. ವರ್ಷಗಟ್ಟಲೆ ದುಡಿದರೂ ಗಾಳಿ ಸವೆಯುವುದಿಲ್ಲ.

ಈ ಗಾಳಿಯನ್ನೇ ಟೈರಿನಿಂದ ತೆಗೆದು ಹಾಕಬೇಕು ಅಂತ ದೊಡ್ಡ ಟೈರ್ ಕಂಪನಿಗಳು ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿವೆ. ಫ್ರಾನ್ಸಿನ ಮಿಶೆಲಿನ್ 2005ರಲ್ಲಿ ‘ಟ್ವೀಲ್’ ಅನ್ನು ತೋರಿಸಿತು. ಟೈರ್ ಮತ್ತು ವೀಲ್ ಎರಡೂ ಸೇರಿ ಒಂದೇ ವಸ್ತು ಅನ್ನುವುದಕ್ಕೆ ಆ ಹೆಸರು. ಜಪಾನಿನ ಬ್ರಿಜ್‌ಸ್ಟೋನ್ 2011ರ ಟೋಕಿಯೋ ಮೋಟಾರ್ ಶೋನಲ್ಲಿ ತನ್ನ ಮಾದರಿ ತಂದಿತು. ಅಮೆರಿಕದ ಗುಡ್‌ಇಯರ್, ಕೊರಿಯಾದ ಹ್ಯಾಂಕೂಕ್ ಕೂಡ ಇದರ ಹಿಂದೆ ಬಿದ್ದಿವೆ. 2019ರ ಜೂನ್‌ನಲ್ಲಿ ಮಿಶೆಲಿನ್ ಮತ್ತು ಜನರಲ್ ಮೋಟಾರ್ಸ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಟ್ಟಿಗೆ ನಿಂತು ‘ಅಪ್ಟಿಸ್’ ಎಂಬ ಟೈರ್ ತೋರಿಸಿದವು. 2024ರ ಹೊತ್ತಿಗೇ ಜನರ ಕಾರುಗಳಿಗೆ ತರುವ ಗುರಿ ಇದೆ ಅಂತ ಹೇಳಿದ್ದವು.

2024 ಬಂತು, ಹೋಯಿತು. ಅಂಗಡಿಗೆ ಹೋಗಿ ನಾಲ್ಕು ಅಪ್ಟಿಸ್ ಕೊಡಿ ಅಂತ ಕೇಳಿ ಕಾರಿಗೆ ಹಾಕಿಸಿಕೊಳ್ಳುವ ದಿನ ಬರಲಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಮೋಸವೂ ಅಲ್ಲ, ಬರೀ ಪ್ರಚಾರವೂ ಅಲ್ಲ. ನಿಜವಾದ, ಒಳ್ಳೆಯ ಎಂಜಿನಿಯರಿಂಗ್. ಆದರೆ ಪಂಚರ್ ಆಗದಂತೆ ಮಾಡುವುದು ಇದರಲ್ಲಿ ಸುಲಭದ ಭಾಗ. ಗಾಳಿ ತನ್ನಷ್ಟಕ್ಕೆ ಮಾಡುತ್ತಿದ್ದ ಇತರ ಕೆಲಸಗಳನ್ನೆಲ್ಲಾ ಬೇರೊಂದು ವಸ್ತುವಿನಿಂದ ಮಾಡಿಸುವುದು ಕಷ್ಟದ ಭಾಗ. ತಡ ಆಗುತ್ತಿರುವುದು ಅಲ್ಲಿ.

ಮೊದಲ ಕಾರುಗಳಿಗೆ ಗಾಳಿಯೇ ಇರಲಿಲ್ಲ ಅನ್ನುವುದು ಇಲ್ಲಿ ನೆನಪಿಗೆ ಬರಬೇಕು. ಕಾರ್ಲ್ ಬೆಂಜ್ 1886ರಲ್ಲಿ ತಂದ ಮೂರು ಚಕ್ರದ ಮೋಟಾರು ಗಾಡಿ ಗಟ್ಟಿ ರಬ್ಬರಿನ ಮೇಲೆ ಓಡುತ್ತಿತ್ತು. ಗಾಳಿ ತುಂಬಿದ ಚಕ್ರದ ಯೋಚನೆ ಅದಕ್ಕೂ ಹಳೆಯದು. ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಆಗ ಅದು ನಡೆಯಲಿಲ್ಲ. 1887–88ರ ಸುಮಾರಿಗೆ ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಹಾಕಿದರು. 1895ರಲ್ಲಿ ಮಿಶೆಲಿನ್ ಸಹೋದರರು ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ರೇಸಿಗೆ ಗಾಳಿ ಟೈರಿನ ಕಾರು ಇಳಿಸಿದರು. ದಾರಿಯುದ್ದಕ್ಕೂ ಪಂಚರ್. ಆದರೂ ಜನ ಗಟ್ಟಿ ರಬ್ಬರಿಗೆ ವಾಪಸ್ ಹೋಗಲಿಲ್ಲ. ಪಂಚರಿನ ಕಾಟ ಇದ್ದೂ ಗಾಳಿಯನ್ನೇ ಆರಿಸಿಕೊಂಡರು. ನಮ್ಮ ಹಳ್ಳಿಗಳಲ್ಲೂ ಹೀಗೇ ಆಯಿತು, ಅಲ್ವಾ? ಕಬ್ಬಿಣದ ಪಟ್ಟಿ ಬಡಿದ ಮರದ ಚಕ್ರಕ್ಕೆ ಪಂಚರ್ ಅನ್ನುವ ಮಾತೇ ಇಲ್ಲ. ಆದರೂ ಟೈರ್ ಗಾಡಿ ಬಂದ ಮೇಲೆ ರೈತರು ಅದನ್ನೇ ಹಿಡಿದರು. ಹೆಚ್ಚು ಹೊರೆ ಹೇರಬಹುದು, ಎತ್ತಿಗೆ ಎಳೆಯಲು ಹಗುರ.

ಆ ಹಗುರ ಎಲ್ಲಿಂದ ಬರುತ್ತದೆ ಅಂತ ನೋಡಿದರೆ ಇಡೀ ವಿಷಯ ಬಿಡಿಸಿಕೊಳ್ಳುತ್ತದೆ. ಟೈರ್ ಉರುಳುವಾಗ ನೆಲಕ್ಕೆ ತಾಗುವ ಭಾಗ ಪ್ರತಿ ಸುತ್ತಿಗೂ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ರಬ್ಬರನ್ನು ಹೀಗೆ ಬಗ್ಗಿಸಿ ಬಿಟ್ಟರೆ ಕೊಟ್ಟ ಶಕ್ತಿಯೆಲ್ಲ ವಾಪಸ್ ಬರುವುದಿಲ್ಲ. ಸ್ವಲ್ಪ ಶಾಖವಾಗಿ ಕಳೆದುಹೋಗುತ್ತದೆ. ಗಾಳಿಯಲ್ಲಿ ಆ ನಷ್ಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒತ್ತಿದಷ್ಟೂ ವಾಪಸ್ ಕೊಡುತ್ತದೆ. ಹಾಗಾಗಿ ಹೊರೆ ಹೊರುವ ಕೆಲಸ ಎಷ್ಟು ಗಾಳಿಯ ಮೇಲೆ ಬೀಳುತ್ತದೋ ಅಷ್ಟು ಇಂಧನ ಉಳಿಯುತ್ತದೆ. ಆ ಕೆಲಸವನ್ನು ಯಾವುದೇ ಗಟ್ಟಿ ವಸ್ತುವಿಗೆ ವಹಿಸಿದರೂ ಶಾಖದ ರೂಪದಲ್ಲಿ ಸ್ವಲ್ಪ ತೆರಿಗೆ ಕಟ್ಟಬೇಕು.

ಈಗ ಗಾಳಿ ಇಲ್ಲದ ಟೈರಿನ ಒಳಗೆ ಏನಿರುತ್ತದೆ? ಫೋರ್ಕ್‌ಲಿಫ್ಟಿಗೆ ಹಾಕುವಂಥ ಗಟ್ಟಿ ರಬ್ಬರಿನ ಉಂಡೆ ಅಲ್ಲ ಇದು. ಮಧ್ಯದಲ್ಲಿ ಲೋಹದ ವೀಲ್. ಹೊರಗೆ ನೆಲ ಮುಟ್ಟುವ ರಬ್ಬರ್ ಪದರ, ಅಂದರೆ ಟ್ರೆಡ್, ಅದರ ಕೆಳಗೆ ಬಿಗಿಯಾದ ಒಂದು ಪಟ್ಟಿ. ಇವೆರಡನ್ನೂ ಜೋಡಿಸುವ, ಬಾಗಬಲ್ಲ ಹತ್ತಾರು ರೆಕ್ಕೆಗಳು. ಸ್ಪೋಕ್ ಅಂತಲೇ ಕರೆಯೋಣ. ಅಪ್ಟಿಸ್‌ನಲ್ಲಿ ಈ ಸ್ಪೋಕ್‌ಗಳು ರಬ್ಬರ್ ಮತ್ತು ಗಾಜಿನ ನಾರು ಬೆರೆಸಿದ ರಾಳದಿಂದ ಆದವು. ಟ್ವೀಲ್ ಮಾದರಿಯಲ್ಲಿ ಹೊರೆ ಹೊರುವ ರೀತಿ ಬಹಳ ಚೆನ್ನಾಗಿದೆ. ನೆಲದ ಕಡೆ ಇರುವ ಸ್ಪೋಕ್‌ಗಳು ಕಾರನ್ನು ಕೆಳಗಿನಿಂದ ಎತ್ತಿ ಹಿಡಿದಿವೆ ಅಂತ ನಮಗೆ ಅನ್ನಿಸುತ್ತದೆ. ಆದರೆ ಅವು ಸುಮ್ನೆ ಬಾಗಿ ದಾರಿ ಬಿಡುತ್ತವೆ. ಭಾರ ಇರುವುದು ಮೇಲಿನ ಸ್ಪೋಕ್‌ಗಳ ಮೇಲೆ. ಬಾವಿಯ ರಾಟೆಗೆ ಹಗ್ಗ ಕಟ್ಟಿ ಕೊಡ ಇಳಿಬಿಟ್ಟ ಹಾಗೆ ವೀಲ್ ಮೇಲಿನ ಕಮಾನಿಗೆ ನೇತಾಡುತ್ತದೆ. ಹಾಗಾಗಿ ಕೆಳಗೆ ಕಲ್ಲು ಸಿಕ್ಕರೆ ಸ್ಪೋಕ್ ಮಡಚಿಕೊಳ್ಳುತ್ತದೆ, ಏಟು ನೇರವಾಗಿ ಆಕ್ಸಲ್‌ಗೆ ಬಡಿಯುವುದಿಲ್ಲ.

ಇಷ್ಟು ಚೆಂದದ ಯೋಚನೆಗೆ ಅಡ್ಡಿ ಏನು? ಮೊದಲ ಅಡ್ಡಿ ಎಣಿಕೆ. ಸಣ್ಣ ಕಾರಿನ ಟೈರ್ ಒಂದು ಸುತ್ತು ಉರುಳಿದರೆ ಸುಮಾರು ಎರಡು ಮೀಟರ್. ಒಂದು ಕಿಲೋಮೀಟರಿಗೆ 500 ಸುತ್ತು. 50,000 ಕಿ.ಮೀ. ಓಡಿದರೆ ಎರಡೂವರೆ ಕೋಟಿ ಸುತ್ತು. ಪ್ರತಿ ಸುತ್ತಿನಲ್ಲೂ ಪ್ರತಿ ಸ್ಪೋಕ್ ಒಮ್ಮೆ ಎಳೆಸಿಕೊಂಡು ಒಮ್ಮೆ ಮಡಚಿಕೊಳ್ಳಬೇಕು. ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸಿದರೆ ಕಡೆಗೆ ಮುರಿಯುವುದನ್ನು ಎಲ್ಲರೂ ನೋಡಿದ್ದೇವೆ. ಇಲ್ಲಿ ಎರಡೂವರೆ ಕೋಟಿ ಸಲ ಬಗ್ಗಿದರೂ ಮುರಿಯಬಾರದು. ಬಿಸಿಲಲ್ಲಿ, ಮಳೆಯಲ್ಲಿ, ಕಾದ ಡಾಂಬರಿನ ಮೇಲೆ.

ಎರಡನೆಯದು ಸದ್ದು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಟೈರ್ ಸೆಕೆಂಡಿಗೆ ಸುಮಾರು 14 ಸಲ ಸುತ್ತುತ್ತದೆ. ಚಕ್ರಕ್ಕೆ 60 ಸ್ಪೋಕ್ ಇವೆ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 840 ಸಲ ಒಂದೊಂದು ಸ್ಪೋಕ್ ನೆಲದ ಭಾಗಕ್ಕೆ ಬಂದು ಮಡಚಿ ಬಿಡಿಸಿಕೊಳ್ಳುತ್ತದೆ. ಸೆಕೆಂಡಿಗೆ 840 ಅದುರಾಟ ಅಂದರೆ ನಮ್ಮ ಕಿವಿಗೆ ಚೆನ್ನಾಗಿ ಕೇಳುವ ಸ್ವರ. ಮೊದಲ ಟ್ವೀಲ್‌ಗಳ ದೊಡ್ಡ ದೂರೇ ಇದಾಗಿತ್ತು. ಗಂಟೆಗೆ 80 ಕಿ.ಮೀ. ದಾಟಿದರೆ ಅದುರಾಟ, ಗುಂಯ್ ಅನ್ನುವ ಸದ್ದು. ಉರುಳುವ ಪ್ರತಿರೋಧವೂ, ಅಂದರೆ ಉರುಳುವಾಗ ಶಾಖವಾಗಿ ಕಳೆದುಹೋಗುವ ಶಕ್ತಿಯೂ, ಶೇ. 5ರಷ್ಟು ಜಾಸ್ತಿ ಅಂತ ಆಗಲೇ ಮಾತಾಗಿತ್ತು. ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಸದ್ದು ಸ್ವಲ್ಪ ಮುಚ್ಚೀತು. ಎಲೆಕ್ಟ್ರಿಕ್ ಕಾರಿನಲ್ಲಿ ಮುಚ್ಚಲು ಏನೂ ಇಲ್ಲ. ಅಲ್ಲಿ ಟೈರಿನ ಸದ್ದೇ ಮೊದಲು ಕೇಳುವುದು. ಪ್ರತಿರೋಧ ಜಾಸ್ತಿ ಆದರೆ ಒಂದು ಚಾರ್ಜಿಗೆ ಓಡುವ ದೂರವೂ ಕಡಿಮೆಯಾಗುತ್ತದೆ.

ಇವೆರಡನ್ನೂ ಎಂಜಿನಿಯರುಗಳು ಇಪ್ಪತ್ತು ವರ್ಷದಲ್ಲಿ ಬಹಳ ಮಟ್ಟಿಗೆ ತಗ್ಗಿಸಿದ್ದಾರೆ. 2021ರಲ್ಲಿ ಜರ್ಮನಿಯ ಮ್ಯೂನಿಕ್ ವಾಹನ ಮೇಳದಲ್ಲಿ ಮಿಶೆಲಿನ್ ಅಪ್ಟಿಸ್ ಹಾಕಿದ ಎಲೆಕ್ಟ್ರಿಕ್ ಮಿನಿ ಕಾರಿನಲ್ಲಿ ಜನರನ್ನು ಕೂರಿಸಿ ಓಡಿಸಿತು. ನನಗೆ ಇವಕ್ಕಿಂತ ದೊಡ್ಡದಾಗಿ ಕಾಣುವುದು ಮೂರನೆಯ ಅಡ್ಡಿ. ಅದರ ಬಗ್ಗೆ ಮಾತು ಕಡಿಮೆ.

ಗಾಳಿಯ ಒತ್ತಡವನ್ನು ನಾವು ಹೆಚ್ಚು ಕಡಿಮೆ ಮಾಡಬಹುದು. 32 ಪಿಎಸ್‌ಐ ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.25 ಕೆಜಿ. 300 ಕೆಜಿ ಹೊರಲು ಅಷ್ಟು ಒತ್ತಡಕ್ಕೆ ಸುಮಾರು 133 ಚದರ ಸೆಂಟಿಮೀಟರ್ ಜಾಗ ಬೇಕು. ಹಳೆಯ ಅಂಚೆ ಕಾರ್ಡಿಗಿಂತ ಚೂರು ದೊಡ್ಡದು. ನಿಮ್ಮ ಕಾರು ನೆಲ ಮುಟ್ಟುವುದು ಅಂಥ ನಾಲ್ಕು ಕಾರ್ಡಿನಷ್ಟು ಜಾಗದಲ್ಲಿ. ಹಬ್ಬಕ್ಕೆ ಊರಿಗೆ ಹೊರಟಾಗ ಐದು ಜನ, ಡಿಕ್ಕಿ ತುಂಬಾ ಸಾಮಾನು, ಬರುವಾಗ ತೆಂಗಿನಕಾಯಿ ಚೀಲ. ಭಾರ ಮುನ್ನೂರು ಕೆಜಿ ಏರಿತು. ಪೆಟ್ರೋಲ್ ಬಂಕಿನಲ್ಲಿ ಎರಡು ನಿಮಿಷ ನಿಂತು ನಾಲ್ಕು ಪಿಎಸ್‌ಐ ಜಾಸ್ತಿ ಹೊಡೆಸಿದರೆ ಟೈರ್ ಹೊಸ ಭಾರಕ್ಕೆ ಸಿದ್ಧ. ಊರಿಂದ ವಾಪಸ್ ಬಂದು ಒಬ್ಬರೇ ಆಫೀಸಿಗೆ ಹೋಗುವಾಗ ಇಳಿಸಿಕೊಂಡರೆ ಮತ್ತೆ ಮೆತ್ತಗೆ. ಈ ಅನುಕೂಲಕ್ಕೆ ನಾವು ಕೊಡುವ ಬೆಲೆ ಏನೂ ಇಲ್ಲ.

ಸ್ಪೋಕ್‌ನ ಬಿಗಿ ಕಾರ್ಖಾನೆಯಲ್ಲೇ ತೀರ್ಮಾನ ಆಗಿಬಿಟ್ಟಿರುತ್ತದೆ. ಐದು ಜನ ಮತ್ತು ತೆಂಗಿನಕಾಯಿ ಚೀಲಕ್ಕೆ ತಕ್ಕಂತೆ ಮಾಡಿದರೆ ಒಬ್ಬರೇ ಹೋಗುವಾಗ ಗಡುಸು. ಒಬ್ಬರಿಗೆ ತಕ್ಕಂತೆ ಮಾಡಿದರೆ ತುಂಬಿದ ಕಾರಿಗೆ ಸಾಲದು. ಕಂಪನಿ ಯಾವಾಗಲೂ ಹೆಚ್ಚಿನ ಭಾರಕ್ಕೇ ಮಾಡಬೇಕು, ಜೀವದ ಪ್ರಶ್ನೆ ಅದು. ಹಾಗಾಗಿ ಮೆತ್ತನೆಯ ಓಟವನ್ನು ಸ್ವಲ್ಪ ಬಿಟ್ಟುಕೊಡಲೇಬೇಕು. ರನ್‌ಫ್ಲಾಟ್ ಟೈರ್ ಹಾಕಿದ ದುಬಾರಿ ಕಾರು ಓಡಿಸಿದವರಿಗೆ ಇದರ ಅಂದಾಜು ಇರುತ್ತದೆ. ಗಾಳಿ ಹೋದರೂ 80 ಕಿ.ಮೀ. ಓಡಲಿ ಅಂತ ಅವುಗಳ ಪಕ್ಕದ ಗೋಡೆಯನ್ನು ದಪ್ಪ ಮಾಡಿರುತ್ತಾರೆ. ಗುಂಡಿ ಬಂದಾಗ ಅದು ಬೆನ್ನಿಗೆ ಗೊತ್ತಾಗುತ್ತದೆ.

ಚಂದ್ರನ ಮೇಲೆ ಗಾಳಿ ಇಲ್ಲದ ಚಕ್ರ ಓಡಿತಲ್ಲಾ ಅಂತ ಕೆಲವರು ಕೇಳುತ್ತಾರೆ. ಓಡಿತು, ನಿಜ. 1971ರಲ್ಲಿ ಅಪೋಲೋ 15ರ ರೋವರ್‌ಗೆ ಸತುವು ಲೇಪಿಸಿದ ಉಕ್ಕಿನ ತಂತಿಯಿಂದ ನೇಯ್ದ ಚಕ್ರ ಇತ್ತು. ಆದರೆ ಅಲ್ಲಿ ಭಾರ ಇಲ್ಲಿನ ಆರನೇ ಒಂದು ಭಾಗ. ಎಲ್ಲಕ್ಕಿಂತ ಜಾಸ್ತಿ ಓಡಿದ ಅಪೋಲೋ 17ರ ರೋವರ್ ಒಟ್ಟು ಕ್ರಮಿಸಿದ ದೂರ ಸುಮಾರು 36 ಕಿ.ಮೀ. ಬೆಂಗಳೂರಿನಲ್ಲಿ ಎಷ್ಟೋ ಜನ ದಿನಾ ಆಫೀಸಿಗೆ ಹೋಗಿ ಬರುವ ದೂರ ಅದು.

ಇಷ್ಟೆಲ್ಲಾ ಹೇಳಿದ ಮೇಲೂ ಈ ಟೈರ್ ಬೇಡ ಅಂತ ನಾನು ಹೇಳಲಾರೆ. ಯಾಕೆ ಅಂತ ಹೇಳಲು ಒಂದು ರಾತ್ರಿಯ ವಿಷಯ ಹೇಳಬೇಕು.

ಕೆಲವು ವರ್ಷದ ಹಿಂದೆ ದಾವಣಗೆರೆ ಕಡೆ ಹೊರಟಿದ್ದೆವು. ಹಿರಿಯೂರು ದಾಟಿ ಸ್ವಲ್ಪ ಮುಂದೆ ರಾತ್ರಿ ಹನ್ನೊಂದರ ಹೊತ್ತಿಗೆ ಬಲಗಡೆಯ ಹಿಂದಿನ ಟೈರ್ ಹೋಯಿತು. ಅಂದರೆ ಲಾರಿಗಳು ಹೋಗುವ ಕಡೆಯದು. ಅಮ್ಮ ಮತ್ತು ಮಗಳನ್ನು ಕೆಳಗಿಳಿಸಿ ದೂರ ನಿಲ್ಲಿಸಿದೆ. ಸ್ಟೆಪ್ನಿ ತೆಗೆದು ಜಾಕಿ ಹಾಕುವಾಗ ಒಂದೊಂದು ಲಾರಿ ಹೋದಾಗಲೂ ಕಾರು ಜಾಕಿಯ ಮೇಲೆ ಅಲ್ಲಾಡುತ್ತಿತ್ತು. ನಟ್ ಬಿಚ್ಚಲು ಬೆನ್ನು ಬಗ್ಗಿಸಿದ್ದೆ, ಲಾರಿಗಳು ನನ್ನ ಹಿಂದಿನಿಂದ ಹೋಗುತ್ತಿದ್ದವು. ಆ ಇಪ್ಪತ್ತು ನಿಮಿಷ ನನಗೆ ಈಗಲೂ ಮರೆತಿಲ್ಲ. ಪಂಚರಿನ ನಿಜವಾದ ಬೆಲೆ ಅಂಗಡಿಯಲ್ಲಿ ಕೊಡುವ ನೂರು ಇನ್ನೂರು ರೂಪಾಯಿ ಅಲ್ಲ. ಹೆದ್ದಾರಿಯ ಅಂಚಿನಲ್ಲಿ ಕತ್ತಲಲ್ಲಿ ಕೂತ ಆ ಇಪ್ಪತ್ತು ನಿಮಿಷ. ಒಬ್ಬರೇ ಓಡಿಸುವ ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ಅದು ಇನ್ನೂ ದೊಡ್ಡದು. ಆ ಒಂದು ಭಯ ಪೂರ್ತಿ ಹೋಗುತ್ತದೆ ಅಂದರೆ ಸ್ವಲ್ಪ ಗಡುಸು ಓಟವನ್ನು ತಡೆದುಕೊಳ್ಳಲು ನಾನು ತಯಾರು.

ಮಾರನೇ ದಿನ ಪಂಚರ್ ಅಂಗಡಿಯ ಹುಡುಗ ಟೈರ್ ಬಿಚ್ಚಿ ಒಳಗಿನಿಂದ ಒಂದು ಹಿಡಿ ರಬ್ಬರ್ ಪುಡಿ ತೆಗೆದು ತೋರಿಸಿದ. ‘ಸಾರ್, ಮೊಳೆ ಹೊಕ್ಕು ತುಂಬಾ ದಿನ ಆಗಿದೆ. ಗಾಳಿ ನಿಧಾನಕ್ಕೆ ಇಳಿದಿದೆ. ಕಮ್ಮಿ ಗಾಳೀಲೇ ಓಡಿಸಿದ್ದೀರ. ಈ ಟೈರ್ ಇನ್ನು ಬರಲ್ಲ’ ಅಂದ. ಅವನು ಹೇಳಿದ್ದು ಸರಿ. ಗಾಳಿ ಕಡಿಮೆಯಾದರೆ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಅತಿಯಾಗಿ ಬಾಗುತ್ತದೆ, ಕಾಯುತ್ತದೆ, ಒಳಗಿನಿಂದ ಉದುರುತ್ತದೆ. ಹೊರಗೆ ನೋಡಿದರೆ ಏನೂ ಕಾಣುವುದಿಲ್ಲ. ಇನ್ನೂ ಅರ್ಧ ಆಯುಷ್ಯ ಇದ್ದ ಟೈರ್ ಗುಜರಿಗೆ ಹೋಯಿತು.

ಮಿಶೆಲಿನ್ ಮುಂದಿಡುವ ಪರಿಸರದ ವಾದ ಇರುವುದು ಇಲ್ಲೇ. ಆ ಕಂಪನಿಯ ಲೆಕ್ಕದಲ್ಲಿ ಪ್ರಪಂಚದ ಟೈರುಗಳಲ್ಲಿ ಶೇ. 20ರಷ್ಟು ಪೂರ್ತಿ ಸವೆಯುವ ಮುಂಚೆಯೇ ಗುಜರಿಗೆ ಹೋಗುತ್ತವೆ. ಶೇ. 12 ಪಂಚರ್ ಮತ್ತು ಏಟಿನಿಂದ, ಶೇ. 8 ಗಾಳಿ ಸರಿಯಾಗಿಲ್ಲದೆ ಅಡ್ಡಾದಿಡ್ಡಿ ಸವೆದು. ವರ್ಷಕ್ಕೆ 20 ಕೋಟಿ ಟೈರ್, 20 ಲಕ್ಷ ಟನ್. ಇದು ಮಾರುವವರ ಲೆಕ್ಕ ಅನ್ನುವುದನ್ನು ನೆನಪಿಟ್ಟುಕೊಂಡೇ ಓದಬೇಕು. ಆದರೆ ನನ್ನದೇ ಟೈರ್ ಆ ಲೆಕ್ಕದಲ್ಲಿ ಸೇರಿದ್ದರಿಂದ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಜೊತೆಗೆ ಸ್ಟೆಪ್ನಿಯೇ ಬೇಡವಾದರೆ ಪ್ರತಿ ಕಾರಿಗೂ ಒಂದು ಟೈರು, ಒಂದು ರಿಮ್ಮು ಉಳಿಯಿತು. ಟ್ರೆಡ್ ಸವೆದಾಗ ಮೇಲಿನ ರಬ್ಬರ್ ಮಾತ್ರ ಹೊಸದಾಗಿ ಹಾಕಿ ಒಳಗಿನ ಭಾಗವನ್ನು ಮತ್ತೆ ಬಳಸುವ ಆಸೆಯೂ ಇದೆ. ನಮ್ಮ ಬಸ್ಸು ಲಾರಿಗಳಿಗೆ ರಿಟ್ರೆಡಿಂಗ್ ಹೊಸದೇನಲ್ಲ.

ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ಈಗಿನ ಟೈರಿನಿಂದ ಉಕ್ಕಿನ ತಂತಿ ಬಿಡಿಸಿ ರಬ್ಬರ್ ಪುಡಿ ಮಾಡುವ ವ್ಯವಸ್ಥೆ ಬೆಳೆದಿದೆ. ಗಾಜಿನ ನಾರು, ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದ ರಾಳ, ರಬ್ಬರ್ ಮೂರೂ ಅಂಟಿಕೊಂಡ ವಸ್ತುವನ್ನು ಬಿಡಿಸುವುದು ಬೇರೆಯೇ ಕಷ್ಟ. ಟೈರ್ ಕಡಿಮೆ ಬಿಸಾಡುತ್ತೇವೆ, ಸರಿ. ಬಿಸಾಡಿದ್ದನ್ನು ಏನು ಮಾಡುತ್ತೇವೆ ಅನ್ನುವುದನ್ನು ಕಂಪನಿಗಳು ಇನ್ನೂ ಬಿಡಿಸಿ ಹೇಳಬೇಕು.

ನಮ್ಮ ರಸ್ತೆಗೆ ಬಂದರೆ ಹೇಗೆ? ಮೊದಲು ಮೊಳೆ. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಮೊಳೆ ಚುಚ್ಚಿ ಬೇಸತ್ತ ಉದ್ಯೋಗಿಯೊಬ್ಬರು ಕೆಲವು ವರ್ಷದ ಹಿಂದೆ ಕೋಲಿಗೆ ಆಯಸ್ಕಾಂತ ಕಟ್ಟಿಕೊಂಡು ದಿನಾ ರಸ್ತೆಯಿಂದ ಮೊಳೆ ಆಯುತ್ತಿದ್ದುದು ಪತ್ರಿಕೆಗಳಲ್ಲಿ ಬಂದಿತ್ತು. ಕೆಜಿಗಟ್ಟಲೆ ಸಿಕ್ಕಿದ್ದವು. ಅಂಥ ಊರಿಗೆ ಪಂಚರ್ ಆಗದ ಟೈರ್ ದೊಡ್ಡ ವರ. ಗುಂಡಿಯಲ್ಲಿ ರಿಮ್ ಬೆಂಡಾಗುವುದು, ಟೈರಿನ ಪಕ್ಕ ಹೊಟ್ಟೆ ಬರುವುದು, ಹೆದ್ದಾರಿಯಲ್ಲಿ ಟೈರ್ ಸಿಡಿಯುವುದು ಇವ್ಯಾವುವೂ ಇರುವುದಿಲ್ಲ.

ಮಣ್ಣು ಮಾತ್ರ ನನಗೆ ಚಿಂತೆ ತರುತ್ತದೆ. ಈ ಟೈರುಗಳ ಪಕ್ಕ ತೆರೆದಿರುತ್ತದೆ. ಮುಂಗಾರಿನಲ್ಲಿ ಧಾರವಾಡ, ಗದಗ ಕಡೆಯ ಎರೆ ಹೊಲದ ದಾರಿಯಲ್ಲಿ ಹೋದವರಿಗೆ ಆ ಮಣ್ಣಿನ ಗುಣ ಗೊತ್ತು. ಚಪ್ಪಲಿಗೆ ಮೆತ್ತಿದರೆ ಕಾಲು ಎತ್ತಲಾಗದಷ್ಟು ಭಾರ. ಸ್ಪೋಕ್‌ಗಳ ನಡುವೆ ಆ ಮಣ್ಣು ತುಂಬಿ ಒಣಗಿದರೆ ಎರಡು ತೊಂದರೆ. ಸ್ಪೋಕ್ ಮಡಚಲು ಜಾಗ ಇರುವುದಿಲ್ಲ. ಚಕ್ರದ ಒಂದು ಕಡೆ ಭಾರ ಹೆಚ್ಚಾಗಿ ಹೆದ್ದಾರಿಯಲ್ಲಿ ಸ್ಟೇರಿಂಗ್ ಅದುರುತ್ತದೆ. ಮಲೆನಾಡಿನ ಕೆಮ್ಮಣ್ಣು, ರಸ್ತೆ ಕೆಲಸದ ಜಲ್ಲಿ, ಎಲ್ಲಕ್ಕೂ ಇದೇ ಪ್ರಶ್ನೆ. ಪಕ್ಕಕ್ಕೆ ಮುಚ್ಚಳ ಹಾಕಬಹುದು. ಅದೂ ಎರಡೂವರೆ ಕೋಟಿ ಸಲ ಬಾಗಬೇಕು. ಒಳ್ಳೆಯ ಡಾಂಬರು ರಸ್ತೆಯ ಊರುಗಳಲ್ಲಿ ಮಾಡಿದ ಪರೀಕ್ಷೆ ಇಲ್ಲಿಗೆ ಸಾಲದು. ಮೈಸೂರಿನಲ್ಲಿ, ಒಂದು ಕಾಲಕ್ಕೆ ವಿಕ್ರಾಂತ್ ಆಗಿದ್ದು 1997ರಿಂದ ಜೆಕೆ ಟೈರ್ ಆಗಿರುವ ಕಾರ್ಖಾನೆ ಇದೆ, ಅದೇ ಊರಿನಲ್ಲಿ ಆ ಕಂಪನಿಯ ಸಂಶೋಧನಾ ಕೇಂದ್ರವೂ ಇದೆ. ಎರೆಮಣ್ಣಿನ ಪರೀಕ್ಷೆ ಮಾಡಬಲ್ಲವರು ನಮ್ಮ ರಾಜ್ಯದಲ್ಲೇ ಇದ್ದಾರೆ ಅನ್ನುವುದು ನನಗೆ ಸಮಾಧಾನ.

ಬೈಕಿಗೆ? ಸದ್ಯಕ್ಕೆ ಆಸೆ ಇಟ್ಟುಕೊಳ್ಳಬೇಡಿ. ಬೈಕ್ ತಿರುವಿನಲ್ಲಿ ವಾಲುತ್ತದೆ, ಭಾರ ಟೈರಿನ ಅಂಚಿಗೆ ಸರಿಯುತ್ತದೆ, ಸ್ಪೋಕ್ ಮೇಲೆ ಅಡ್ಡ ಬಲ ಬೀಳುತ್ತದೆ. ಅದು ಇನ್ನೂ ಗಟ್ಟಿ ಸಮಸ್ಯೆ.

ಕಾನೂನಿನ ಕಡೆಯೂ ಒಂದು ತೊಡಕಿದೆ. ಕಾರಿನ ಟೈರಿಗೆ ನಮ್ಮ ದೇಶದ ಬಿಐಎಸ್ ಮಾನದಂಡ ಐಎಸ್ 15633. ಅಮೆರಿಕದ್ದು ಎಫ್‌ಎಂವಿಎಸ್‌ಎಸ್ 139. ಯೂರೋಪಿನ ದೇಶಗಳು ಪಾಲಿಸುವುದು ವಿಶ್ವಸಂಸ್ಥೆಯ 30ನೇ ನಿಯಮ. ಮೂರರ ಹೆಸರಿನಲ್ಲೂ ‘ನ್ಯೂಮ್ಯಾಟಿಕ್’ ಅನ್ನುವ ಪದ ಇದೆ, ಅಂದರೆ ಗಾಳಿ ತುಂಬಿದ್ದು. ಇಷ್ಟು ಒತ್ತಡದಲ್ಲಿ ಇಷ್ಟು ಭಾರ ಅಂತ ಶುರುವಾಗುವ ಪರೀಕ್ಷೆಗಳಿಗೆ ಒತ್ತಡವೇ ಇಲ್ಲದ ಟೈರನ್ನು ಹೇಗೆ ಒಡ್ಡುವುದು? ಎಷ್ಟು ಸ್ಪೋಕ್ ಮುರಿದರೆ ಟೈರ್ ಬದಲಿಸಬೇಕು, ಅದನ್ನು ಆರ್‌ಟಿಒ ಅಧಿಕಾರಿ ಕಣ್ಣಳತೆಯಲ್ಲಿ ಹೇಗೆ ಹೇಳಬೇಕು? ಟ್ರೆಡ್ ಆಳಕ್ಕೆ ಒಂದು ಅಳತೆ ಇರುವ ಹಾಗೆ ಇದಕ್ಕೂ ಒಂದು ಬೇಕು. ನಿಯಮ ಬದಲಾಗದು ಅಂತಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರ್, ಒತ್ತಡ ತೋರಿಸುವ ಟಿಪಿಎಂಎಸ್ ಮತ್ತು ರಿಪೇರಿ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಅಂತ ಮಾಡಿತು. ತಂತ್ರಜ್ಞಾನ ಗಟ್ಟಿಯಾದರೆ ನಿಯಮ ಹಿಂದೆ ಬರುತ್ತದೆ.

ಹಾಗಾದರೆ ಈ ಟೈರ್ ಈಗ ಎಲ್ಲಿದೆ? ನೋಡಿದರೆ ಒಂದು ದಾರಿ ಕಾಣುತ್ತದೆ. ಟ್ವೀಲ್ ಮೊದಲು ನೆಲೆ ಕಂಡಿದ್ದು ಕಾರಿನಲ್ಲಲ್ಲ, ಕಟ್ಟಡ ಕೆಲಸದ ಪುಟ್ಟ ಲೋಡರುಗಳಲ್ಲಿ, ನಾವು ಬಾಬ್‌ಕ್ಯಾಟ್ ಅನ್ನುವ ಗಾಡಿಗಳಲ್ಲಿ. ಅದಕ್ಕಾಗಿ ಮಿಶೆಲಿನ್ 2014ರಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ ಕಾರ್ಖಾನೆಯನ್ನೇ ತೆರೆಯಿತು. ಅಲ್ಲಿ ವೇಗ ಇಲ್ಲ, ಮೆತ್ತನೆಯ ಓಟ ಯಾರೂ ಕೇಳುವುದಿಲ್ಲ, ಕಬ್ಬಿಣದ ಸರಳು ಚುಚ್ಚಿ ಕೆಲಸ ನಿಂತರೆ ನಷ್ಟ ದೊಡ್ಡದು. 2022ರಲ್ಲಿ ಗುಡ್‌ಇಯರ್ ಊಟ ತಲುಪಿಸುವ ಸ್ಟಾರ್‌ಶಿಪ್ ಕಂಪನಿಯ ಪುಟ್ಟ ರೋಬಾಟುಗಳಿಗೆ ಹಾಕಿತು. ಕೊರಿಯರ್ ಕಂಪನಿ ಡಿಎಚ್‌ಎಲ್ 2023ರಲ್ಲಿ ಸಿಂಗಪುರದ ತನ್ನ ವ್ಯಾನುಗಳಿಗೆ ಅಪ್ಟಿಸ್ ಹಾಕಿಸಲು ಶುರು ಮಾಡಿತು, ಐವತ್ತರಷ್ಟು ವ್ಯಾನುಗಳ ಗುರಿ ಇಟ್ಟುಕೊಂಡು. ಆಮೇಲೆ ಫ್ರಾನ್ಸಿನ ಅಂಚೆ ಇಲಾಖೆ ಉತ್ತರ ಭಾಗದ ಕೆಲವು ಊರುಗಳ ಸುಮಾರು 40 ವಾಹನಗಳಿಗೆ ಹಾಕಲು ಮುಂದೆ ಬಂತು. ಜಪಾನಿನ ಹಿಗಾಶಿಯೋಮಿಯಲ್ಲಿ ಬ್ರಿಜ್‌ಸ್ಟೋನ್ ಗಂಟೆಗೆ 20 ಕಿ.ಮೀ. ಒಳಗೆ ಓಡುವ, ವಯಸ್ಸಾದವರು ಹತ್ತುವ ಪುಟ್ಟ ಎಲೆಕ್ಟ್ರಿಕ್ ಬಂಡಿಗಳಿಗೆ ಹಾಕಿ ನೋಡಿದೆ.

ಇವೆಲ್ಲದರಲ್ಲೂ ಕಾಣುವುದು ಒಂದೇ. ದಿನಾ ಅದೇ ದಾರಿ, ಗೊತ್ತಿರುವ ಭಾರ, ಹೆಚ್ಚಲ್ಲದ ವೇಗ, ಸಂಜೆ ಒಂದೇ ಡಿಪೋಗೆ ವಾಪಸ್. ಗಾಡಿ ನಿಂತರೆ ಆಗುವ ನಷ್ಟ ಟೈರಿನ ಬೆಲೆಗಿಂತ ದೊಡ್ಡದು. ಗಾಳಿ ಹೆಚ್ಚು ಕಡಿಮೆ ಮಾಡಿಕೊಳ್ಳುವ ಅನುಕೂಲ ಅಲ್ಲಿ ಬೇಕಿಲ್ಲ. ಮುಂದೆ ಚಾಲಕನೇ ಇಲ್ಲದ ಟ್ಯಾಕ್ಸಿ ಬಂದರೆ ಅದಕ್ಕೂ ಇದು ಸರಿ. ಟೈರ್ ಬದಲಿಸಲು ಅದರಲ್ಲಿ ಕೈಗಳೇ ಇಲ್ಲವಲ್ಲ. ನಮ್ಮಲ್ಲಿ ಬಂದರೂ ಮೊದಲು ಬರುವುದು ಬೆಂಗಳೂರಿನ ಗೋಡೌನಿನಿಂದ ಮನೆ ಮನೆಗೆ ಸಾಮಾನು ತಲುಪಿಸುವ ಎಲೆಕ್ಟ್ರಿಕ್ ಗಾಡಿಗಳಿಗೆ ಅಂತ ನನ್ನ ಅಂದಾಜು. ನಿಮ್ಮ ನನ್ನ ಕಾರಿನ ಸರದಿ ಅದರ ಹಿಂದೆ.

ಪಂಚರ್ ಅಂಗಡಿಯವರ ಬಗ್ಗೆ ಒಂದು ಮಾತು ಹೇಳದೆ ಹೋಗಲಾರೆ. ಗಾಳಿ ಇಲ್ಲದ ಟೈರ್ ವೀಲಿಗೇ ಅಂಟಿಕೊಂಡು ಬರುತ್ತದೆ. ಅಂಗಡಿಯಲ್ಲಿರುವ ಟೈರ್ ಬಿಚ್ಚುವ ಯಂತ್ರ, ಕಂಪ್ರೆಸರ್, ನೀರಿನ ತೊಟ್ಟಿ ಯಾವುದೂ ಇದಕ್ಕೆ ಬೇಡ. ಕೆಟ್ಟರೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಬೇಕು, ಅವರು ಹೇಳಿದ ಬೆಲೆ ಕೊಡಬೇಕು. ಹೆದ್ದಾರಿ ಬದಿಯಲ್ಲಿ ಒಂದು ಬಲ್ಬ್ ಉರಿಸಿಕೊಂಡು ರಾತ್ರಿಯೆಲ್ಲಾ ಕೂರುವ ಆ ಜನ ನಮ್ಮಂಥವರಿಗೆ ಎಷ್ಟು ಸಲ ಆಸರೆ ಆಗಿದ್ದಾರೆ ಅನ್ನುವುದು ದೂರ ಪ್ರಯಾಣ ಮಾಡಿದ ಎಲ್ಲರಿಗೂ ಗೊತ್ತು. ಲಾರಿ, ಟ್ರ್ಯಾಕ್ಟರ್, ಬೈಕುಗಳು ಗಾಳಿಯಲ್ಲೇ ಓಡುವವರೆಗೆ ಅವರ ಕೆಲಸಕ್ಕೆ ಧಕ್ಕೆ ಇಲ್ಲ. ಆದರೆ ಮುಂದೆ ಈ ಟೈರ್ ಬರುವುದಾದರೆ ಟ್ರೆಡ್ ಹೊಸದಾಗಿ ಹಾಕುವ, ಸ್ಪೋಕ್ ಪರೀಕ್ಷಿಸುವ ಕೆಲಸವನ್ನು ಸಣ್ಣ ಅಂಗಡಿಗಳಿಗೂ ಕಲಿಸಿ ಕೊಡಬೇಕು ಅಂತ ಈಗಲೇ ಕೇಳುವುದು ಒಳ್ಳೆಯದು.

ಅಲ್ಲಿಯವರೆಗೆ ನಾನು ಏನು ಮಾಡಿದ್ದೇನೆ ಅಂದರೆ, ಹಿರಿಯೂರಿನ ಆ ರಾತ್ರಿಯ ನಂತರ ಟೈರಿನ ವಾಲ್ವಿಗೆ ಹಾಕುವ ಟಿಪಿಎಂಎಸ್ ಸೆನ್ಸರ್ ನಾಲ್ಕನ್ನು ಕೊಂಡು ಹಾಕಿಸಿದೆ. ಮೊಳೆ ಹೊಕ್ಕು ಗಾಳಿ ನಿಧಾನಕ್ಕೆ ಇಳಿಯುವುದು ಈಗ ಮೊದಲ ದಿನವೇ ಗೊತ್ತಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ, ಟೈರ್ ತಣ್ಣಗಿರುವಾಗ ಗಾಳಿ ನೋಡಿಸುತ್ತೇನೆ. ಗಾಳಿ ಇಲ್ಲದ ಟೈರ್ ಕೊಡುವ ಲಾಭದ ಒಂದು ಭಾಗ ಇಷ್ಟರಲ್ಲೇ ಸಿಗುತ್ತದೆ. ಪೂರ್ತಿ ಸಿಗುವುದಿಲ್ಲ. ಹೆದ್ದಾರಿ ಅಂಚಿನ ಭಯ ಕಡಿಮೆಯಾಗಿದೆ, ಹೋಗಿಲ್ಲ.

ಅದಕ್ಕೇ ಫ್ರಾನ್ಸಿನ ಆ ಅಂಚೆ ವಾಹನಗಳ ಸುದ್ದಿಯನ್ನು ನಾನು ಹಿಂಬಾಲಿಸುತ್ತಿದ್ದೇನೆ. ಕಾರು ಮೇಳದ ಮಿಂಚುವ ಮಾದರಿಗಳಿಗಿಂತ ದಿನಾ ಕಾಗದ ಹಂಚುವ ಗಾಡಿಗಳು ನಿಜ ಹೇಳುತ್ತವೆ. ಒಂದು ದಿನ ಯಾವುದಾದರೂ ಕಂಪನಿ ಇಂತಿಷ್ಟು ಸಾವಿರ ಕಿಲೋಮೀಟರಿಗೆ ಸ್ಪೋಕ್ ಮುರಿಯುವುದಿಲ್ಲ, ಮುರಿದರೆ ಹೊಸದು ಕೊಡುತ್ತೇವೆ ಅಂತ ವಾರಂಟಿ ಕಾರ್ಡಿನಲ್ಲಿ ಬರೆದು, ಕಾರು ಕೊಂಡವರ ಕೈಗೆ ಕೊಡಲಿ. ಆ ಕಾರ್ಡಿನಲ್ಲಿ ಕೆಸರು ರಸ್ತೆಯ ಬಗ್ಗೆ ಏನು ಬರೆದಿದ್ದಾರೆ ಅಂತ ನಾನು ಮೊದಲು ಓದುತ್ತೇನೆ.